ಬಂತು ಸಾರ್, ಹೋಯ್ತು ಸಾರ್

ದೂರದಲ್ಲಿದ್ದರೆ ಸಂಬಂಧ ಚೆನ್ನಾಗಿರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಬೀಗರ ವಿಷಯದಲ್ಲಿ ಅದು ನಿಜವಿರಬಹುದು, ಕಂಪ್ಯೂಟರುಗಳ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಎರಡು ಕಂಪ್ಯೂಟರುಗಳನ್ನು ಒಂದೇ ಕೋಣೆಯಲ್ಲಿಟ್ಟು ನಡುವೆ ವೈರು ಎಳೆದರೆ ಅವು ಎಷ್ಟೋ ಮನೆಗಳ ಅಣ್ಣತಮ್ಮಂದಿರಿಗಿಂತ ಹೊಂದಿಕೊಂಡು ಹೋಗುತ್ತವೆ. ಒಂದನ್ನು ಚಳ್ಳಕೆರೆಯಲ್ಲಿಯೂ ಇನ್ನೊಂದನ್ನು ಮೊಳಕಾಲ್ಮೂರಿನಲ್ಲಿಯೂ ಕೂರಿಸಿ ಮಾತಾಡಿಕೊಳ್ಳಿ ಎಂದಾಗಲೇ ರಗಳೆ ಶುರುವಾಗುವುದು. ಆ ರಗಳೆ ಬಿಡಿಸುವುದೇ ಆಗ ನನ್ನ ಉದ್ಯೋಗವಾಗಿತ್ತು.

ಕಂಪ್ಯೂಟರುಗಳು ಇನ್ನೂ ಟೆಲಿಫೋನ್ ತಂತಿಯ ಮೇಲೆ ಓಡಾಡುತ್ತಿದ್ದ ಕಾಲ ಅದು. ನಮ್ಮ ಸಾಹುಕಾರರಿಗೆ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ. ಅಲ್ಲಿ ಯಾವ ಬಣ್ಣದ, ಯಾವ ಅಂಚಿನ ಸೀರೆ ಇದೆ ಎಂಬುದು ಇಲ್ಲಿ ಮಿಲ್ಲಿನ ಆಫೀಸಿನಲ್ಲಿ ಕೂತಲ್ಲೇ ಕಾಣಬೇಕು ಎಂಬುದು ಅವರ ಆಸೆ. ಅದಕ್ಕಾಗಿ ಎಲ್ಲ ಲೆಕ್ಕವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವ ದೊಡ್ಡ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಚಳ್ಳಕೆರೆಯಲ್ಲಿ ಕೂರಿಸಿದ್ದೆ. ಮೊಳಕಾಲ್ಮೂರಿನ ಅಂಗಡಿ ನೋಡಿಕೊಳ್ಳುತ್ತಿದ್ದ ಪಂಚಾಕ್ಷರಪ್ಪ ತನ್ನ ಕಂಪ್ಯೂಟರಿನಿಂದ ಫೋನ್ ಲೈನಿನ ಮೂಲಕ ಈ ಸರ್ವರನ್ನು ಹಿಡಿದು, ಸೀರೆಗಳ ವಿವರ ತುಂಬಬೇಕಿತ್ತು. ಅವನು ಹಿಡಿಯುತ್ತಿದ್ದ, ಅದು ಜಾರುತ್ತಿತ್ತು.

"ಸರ್ವರ್ ಸಿಗ್ತಿಲ್ಲ ಅಂತ ಬರ್ತೈತೆ ಸಾರ್. ಅದು ನಿಮ್ಮಲ್ಲೇ ಐತಲ್ಲ, ಒಂದ್ಸಲ ತಿರುಗಿ ನೋಡ್ರಿ," ಎನ್ನುತ್ತಿದ್ದ. ನಾನು ತಿರುಗಿ ನೋಡುತ್ತಿದ್ದೆ. ಸರ್ವರು ತನ್ನ ಪಾಡಿಗೆ ಹಸಿರು ದೀಪ ಮಿಟುಕಿಸುತ್ತ ಕೂತಿರುತ್ತಿತ್ತು.

ಅಂಗಡಿಗೆ ಇದ್ದದ್ದು ಒಂದೇ ಲೈನು. ನಾನು ಪಂಚಾಕ್ಷರಪ್ಪನಿಗೆ ಏನಾದರೂ ಹೇಳಬೇಕಾದರೆ ಕಂಪ್ಯೂಟರ್ ಸಂಪರ್ಕ ಬಿಡಬೇಕು, ಸಂಪರ್ಕ ಹಿಡಿಯಬೇಕಾದರೆ ನನ್ನ ಮಾತು ಬಿಡಬೇಕು. ಹೀಗಾಗಿ ರೋಗಿ ಎದ್ದು ಹೋದ ಮೇಲೆ ನಾಡಿ ಹಿಡಿಯುವ ವೈದ್ಯನ ಸ್ಥಿತಿ ನನ್ನದು. ಅವನು ಪ್ರಯತ್ನ ಮಾಡಿ, ಕಡಿದ ಮೇಲೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದ. "ಬಂತು ಸಾರ್. ಆಮೇಲೆ ಹೋಯ್ತು ಸಾರ್."

"ಪಿಂಗ್ ಮಾಡಿದ್ರಾ?" ಎಂದು ಕೇಳುತ್ತಿದ್ದೆ. ಪಿಂಗ್ ಎಂದರೆ ಈ ಕಂಪ್ಯೂಟರು ಆ ಕಂಪ್ಯೂಟರಿಗೆ "ಇದ್ದೀಯಾ?" ಎಂದು ಕೂಗಿ ಕೇಳುವುದು. "ಇದೀನಿ, ಇದೀನಿ ಅಂತು ಸಾರ್. ಆಮೇಲೆ ಮಾತೇ ಆಡ್ಲಿಲ್ಲ."

"ಆ ಲೈನಿಗೆ ಬೇರೆ ಫೋನ್ ಏನಾದ್ರೂ ಐತಾ?" ಎಂದೂ ಕೇಳಿದ್ದೆ. "ಇಲ್ಲ ಸಾರ್, ನಮ್ಮದು ಒಂದೇ ನಂಬರು," ಎಂದಿದ್ದ. ಪ್ರಶ್ನೆಯೂ ಸರಿಯಾಗಿತ್ತು, ಉತ್ತರವೂ ಸರಿಯಾಗಿತ್ತು, ಎರಡಕ್ಕೂ ಸಂಬಂಧವಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಸಾಹುಕಾರರ ಮಗನ ಮದುವೆ ಗೊತ್ತಾಗಿ, ಅವರು ಬೀಗರಾಗುವವರನ್ನು ಮಿಲ್ಲಿಗೇ ಕರೆದುಬಿಟ್ಟರು. ಮದುವೆ ಸೀರೆಗಳನ್ನು ಪರದೆಯ ಮೇಲೇ ತೋರಿಸುತ್ತೇನೆ, ನೀವು ಎದ್ದು ಹೋಗುವುದೇ ಬೇಡ ಎಂದಿದ್ದರಂತೆ. "ನೋಡಪ್ಪ, ಮರ್ಯಾದೆ ಪ್ರಶ್ನೆ. ಹೋಗಿ ಅಲ್ಲೇ ಕುಂತು ಸರಿ ಮಾಡು. ಆಗ್ಲಿಲ್ಲ ಅಂದ್ರೆ ಅಲ್ಲೇ ಕುಂತಿರು," ಎಂದು ನನ್ನನ್ನು ಬೆಳಗಿನ ಬಸ್ಸು ಹತ್ತಿಸಿದರು.

ಅಂಗಡಿಯಲ್ಲಿ ನಾನು ಬಿಚ್ಚದ ಸ್ಕ್ರೂ ಇಲ್ಲ. ಫೋನ್ ಲೈನನ್ನು ಕಂಪ್ಯೂಟರಿಗೆ ಜೋಡಿಸುವ ಮೋಡೆಮ್ ಬದಲಿಸಿದೆ, ವೈರು ಬದಲಿಸಿದೆ, ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದೆ. ಬಂತು, ಹೋಯ್ತು. ಕೊನೆಗೆ ಪಂಚಾಕ್ಷರಪ್ಪ, "ಊಟ ಮಾಡ್ರಿ ಸಾರ್, ಕೈ ತೊಳ್ಕೊಂಡು ಬರ್ರಿ, ಅಷ್ಟ್ರಾಗೆ ನಾನೊಂದು ಕೈ ನೋಡ್ತೀನಿ," ಎಂದು ತಾನು ಕುಳಿತ. ಅಂಗಡಿಯ ಹಿಂದೆಯೇ ಅವನ ಮನೆ. ನಡುಮನೆಯ ಮಗ್ಗದ ಪಕ್ಕದಿಂದ ಹಿತ್ತಲಿಗೆ ಹೊರಟೆ. ಮುಂದಿನಿಂದ "ಬಂತು ಸಾರ್" ಎಂಬ ಕೂಗು ಬಂತು. ಅದೇ ಹೊತ್ತಿಗೆ ಗೋಡೆಯ ಗೂಡಿನ ಮುಂದೆ ನಿಂತಿದ್ದ ಅವನ ತಾಯಿ ಗೌರವ್ವ, ಅಲ್ಲಿದ್ದ ಫೋನನ್ನು ಸೆರಗಿನಿಂದ ಒರೆಸಿ, ಎತ್ತಿ ಕಿವಿಗಿಟ್ಟುಕೊಂಡು, ಮುಖ ಕಿವುಚಿ ಕೆಳಗಿಟ್ಟರು. "ಹೋಯ್ತು ಸಾರ್" ಎಂದ ಪಂಚಾಕ್ಷರಪ್ಪ.

ನಾನು ಅಲ್ಲೇ ನಿಂತೆ. ನಂಬರು ಒಂದೇ, ಫೋನು ಎರಡು.

"ಅವ್ವಾ, ಅದನ್ಯಾಕೆ ಎತ್ತಿದ್ರಿ?"

"ಜೀವ ಐತೋ ಇಲ್ವೋ ನೋಡ್ತೀನಪ್ಪ. ರಾಯದುರ್ಗದಾಗೆ ನನ್ನ ಮಗಳಿಗೆ ದಿನ ತುಂಬೈತೆ. ಬಸ್ಸಿನಾಗೆ ಓಡಾಡ್ಬೇಡ ಅಂದ್ರಂತೆ ಡಾಕ್ಟ್ರು, ಅಲ್ಲೇ ಉಳಿದವ್ಳೆ. ಸುದ್ದಿ ಬಂದ ಕೂಡ್ಲೆ ಹೊರಡಾನ ಅಂತ ಬಟ್ಟೆ ಕಟ್ಟಿಟ್ಟೀನಿ. ಇವ್ನು ಮುಂದೆ ಕುಂತು ಏನು ಮಾಡ್ತಾನೋ, ಯಾವಾಗ ಎತ್ತಿದ್ರೂ ಇದು ಕರಕರ ಅಂತೈತೆ. ಅಳಿಯ ಫೋನ್ ಮಾಡಿದ್ರೆ ಹೆಂಗೆ ಬರ್ತೈತೆ ಹೇಳು."

ಬರುವುದಿಲ್ಲ ಎಂಬುದು ಸತ್ಯ. ಬಾಗಿಲ ಪಕ್ಕದಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಮೆತ್ತನೆಯ ಹಳೆ ಸೀರೆಯ ತುಂಡುಗಳು. ಆಕೆಯ ಕಣ್ಣು ನೋಡಿದರೆ ಸರಿಯಾಗಿ ನಿದ್ದೆ ಮಾಡಿದ ಹಾಗಿರಲಿಲ್ಲ. ಫೋನ್ ಎತ್ತಬೇಡಿ ಎಂದು ಹೇಳಲು ಬಾಯಿ ತೆರೆದವನು, ಮುಂದೆ ಹೋಗಿ ಮೋಡೆಮಿನ ವೈರನ್ನೇ ಕಿತ್ತುಹಾಕಿದೆ.

ಕಿತ್ತದ್ದೇ ತಡ, ಫೋನು ಬಡಿದುಕೊಂಡಿತು. ಗೌರವ್ವ ಓಡಿಬಂದರು. ಅಂಗಡಿಯ ಫೋನನ್ನು ನಾನೇ ಎತ್ತಿದೆ, ಆ ಕಡೆ ಸಾಹುಕಾರರು. "ಬೀಗರು ಬಂದು ಕುಂತವ್ರೆ. ಪರದೆ ಖಾಲಿ ಐತೆ. ಹೋಗ್ಲಿ, ಅಲ್ಲಿರೋ ಸೀರೆ ಎಲ್ಲ ಒಂದೊಂದಾಗಿ ಓದಿ ಹೇಳು, ನಾನು ಇಲ್ಲಿ ಹೇಳ್ತೀನಿ."

ಗೋಡೆಯುದ್ದಕ್ಕೂ ಸೀರೆಗಳು. ಎದುರಿಗೆ ಗೌರವ್ವ. ನಾನು, "ಹಲೋ, ಹಲೋ, ಏನೂ ಕೇಳ್ತಿಲ್ಲ ಸಾಹುಕಾರ್ರೇ," ಎಂದು ಫೋನಿಟ್ಟೆ. ಸಂಪರ್ಕ ಉಳಿಸಲೆಂದೇ ಸಂಬಳ ಪಡೆಯುತ್ತಿದ್ದವನು ಬೇಕೆಂದೇ ಕಡಿದ ಸಂಪರ್ಕ ಅದೊಂದೇ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮತ್ತೆ ಗಂಟೆಯಾಯಿತು. ಗೌರವ್ವ ಹತ್ತಿರ ಬಂದವರು ಕೈ ಹಿಂತೆಗೆದು, "ನೀನೇ ಎತ್ತಪ್ಪ," ಎಂದರು. ಆ ಕಡೆಯಿಂದ ಅಳಿಯ ಸಂಭ್ರಮಕ್ಕೋ ಗಾಬರಿಗೋ ಪೂರ್ತಿ ತೆಲುಗಿಗೆ ಇಳಿದಿದ್ದ. "ಪಾಪ ಪುಟ್ಟಿಂದಿ, ಪಾಪ" ಎಂದ. ಹೊಳಲ್ಕೆರೆ ಕಡೆಯವನಾದ ನನಗೆ ತೆಲುಗು ಅಷ್ಟಕ್ಕಷ್ಟೆ. ಅಯ್ಯೋ ಪಾಪ ಎನ್ನುವ ಕನ್ನಡದ ಪಾಪವೇ ನನಗೆ ಕೇಳಿಸಿತು. "ಅವ್ವಾ, ಪಾಪ ಪಾಪ ಅಂತಾರೆ," ಎಂದೆ, ಸಮಾಧಾನ ಹೇಳುವ ದನಿಯಲ್ಲಿ.

ಗೌರವ್ವ ಫೋನ್ ಕಿತ್ತುಕೊಂಡು ಕೇಳಿದರು. ಆಮೇಲೆ ನನ್ನ ಕೆನ್ನೆ ಸವರಿ, "ಪಾಪ ಅಂದ್ರೆ ಹೆಣ್ಕೂಸು ಕಣೋ. ತಾಯಿ ಮಗು ಚೆನ್ನಾಗವ್ರಂತೆ," ಎಂದು ಕೂತಲ್ಲೇ ಅತ್ತರು. ನನ್ನ ಅಂಗೈಗೆ ಸಕ್ಕರೆ ಬಿತ್ತು.

ತಾಯಿ, ಮಗ ಇಬ್ಬರೂ ಸಿಕ್ಕ ಬಸ್ಸಿಗೆ ರಾಯದುರ್ಗಕ್ಕೆ ಹೊರಟರು. ನಾನು ಒಬ್ಬನೇ ಕುಳಿತು ಮೋಡೆಮ್ ಸಿಕ್ಕಿಸಿದೆ. ಬಂತು. ಹೋಗಲಿಲ್ಲ. ಸಂಜೆಯವರೆಗೆ ಸೀರೆಗಳನ್ನು ತುಂಬಿದೆ. ಚಳ್ಳಕೆರೆಯಲ್ಲಿ ಪರದೆ ತುಂಬಿತಂತೆ, ಆದರೆ ಬೀಗಿತ್ತಿಯರು ಅದನ್ನು ನೋಡಿ, "ಅಕ್ಷರ ನೋಡಿ ಯಾರಾದ್ರೂ ಸೀರೆ ತಗೊಳ್ತಾರಾ, ಕೈಯಾಗೆ ಹಿಡೀಬೇಕು," ಎಂದು ಮಾರನೆಯ ದಿನ ಅಂಗಡಿಗೇ ಬಂದರು. ಮದುವೆ ಸಾಂಗವಾಯಿತು. ಗೌರವ್ವನ ಮನೆಗೂ ಬೇರೆಯೇ ಲೈನು ಬಂತು. ಏನು ರಿಪೇರಿ ಮಾಡಿದೆ ಎಂದು ಸಾಹುಕಾರರು ಕೇಳಿದಾಗ, "ತಾಂತ್ರಿಕ ಅಡಚಣೆ," ಎಂದೆ.

ಗೌರವ್ವನ ಮನೆಯ ಕೂಸಿನ ನಾಮಕರಣಕ್ಕೆ ಮಾತ್ರ ನನಗೆ ಕರೆ ಬರಲಿಲ್ಲ. ಸ್ವಲ್ಪ ಬೇಸರವಾಯಿತು. ಕಾರಣ ತಿಳಿದದ್ದು ಕೆಲವು ತಿಂಗಳ ಮೇಲೆ. ನಮ್ಮ ಮನೆಯವರು ನನಗೆ ಮೊಳಕಾಲ್ಮೂರಿನ ಕಡೆ ಒಂದು ಹೆಣ್ಣು ನೋಡಿದ್ದರು. ಹೆಣ್ಣಿನ ಕಡೆಯವರು ಹುಡುಗನ ಗುಣ ವಿಚಾರಿಸಲು ಗೌರವ್ವನ ಹತ್ತಿರ ಹೋಗಿದ್ದಾರೆ. ಆಕೆ, "ಕೆಲ್ಸದಾಗೆ ಚುರುಕು, ಕರುಳಿರೋ ಹುಡುಗ," ಎಂದು ಹೊಗಳಿ, ಕೊನೆಗೆ ದನಿ ತಗ್ಗಿಸಿ ಹೇಳಿದರಂತೆ: "ಒಂದೇ ಐಬು. ನಾಮಕರಣಕ್ಕೆ ಕರಿಯಾನ ಅಂತ ಮಗ ಬರೆದಿಟ್ಟಿದ್ದ ಚಳ್ಳಕೆರೆ ನಂಬರಿಗೆ ನಾನೇ ಫೋನ್ ಮಾಡಿದ್ದೆ. ಬಾರಪ್ಪ ಅಂತ ಬಾಯ್ತುಂಬ ಕರೀತೀನಿ, ಅವ್ನು ಬರೀ ಸಿಳ್ಳೆ ಹೊಡೀತಾನೆ."

ಅದು ಸರ್ವರಿನ ನಂಬರು, ಸಿಳ್ಳೆ ಹೊಡೆದದ್ದು ಮೋಡೆಮ್ ಎಂದು ಹೆಣ್ಣಿನ ತಂದೆಗೆ ಬಿಡಿಸಿ ಹೇಳಲು ನಾನೇ ಫೋನ್ ಮಾಡಿದೆ. ಅವರು ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟರು.