ಕಸಿ ಚಾಕುವಿನ ಹಿಡಿ

ಅನಾಹುತವೆಲ್ಲ ಶುರುವಾದದ್ದು ನಾಲ್ಕು ಬೆರಳುದ್ದದ ಒಂದು ಹಿಡಿಯಿಂದ.

ವಿನೋಬನಗರದ ಷಡಕ್ಷರಪ್ಪನವರು ಸರ್ಕಾರಿ ಗುಮಾಸ್ತರು. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ನೋಟೀಸನ್ನೂ ಕಂಡವರಲ್ಲ. ನಿವೃತ್ತಿಗೆ ಇನ್ನು ಎರಡೇ ತಿಂಗಳು. ಆಮೇಲೆ ತಾರಸಿಯ ಮೇಲೆ ಗುಲಾಬಿಗೆ ಕಸಿ ಕಟ್ಟಿಕೊಂಡು ಹಾಯಾಗಿರೋಣವೆಂದು ಪುಟ್ಟದೊಂದು ಕಸಿ ಚಾಕು ಮಾಡಿಸಿದ್ದರು.

ಮಾಡಿದವನು ಭದ್ರಾವತಿಯ ವೆಂಕಟಾಚಲ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಷಡಕ್ಷರಪ್ಪನವರ ಕೈಗೆ ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಹಿಸುಕಿಸಿ ಮುಷ್ಟಿಯ ಅಳತೆ ತೆಗೆದುಕೊಂಡಿದ್ದ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ಮೂರು ವಾರ ಉಜ್ಜಿ ಅಲಗು ತಯಾರಿಸಿದ್ದ. ಹಿಡಿಗೆ ನುಣುಪಾದ ಕಂದು ಕೊಂಬು, ಮೂರು ಹಿತ್ತಾಳೆ ಮೊಳೆ. ಕೈಯಲ್ಲಿ ಹಿಡಿದರೆ ಹುಟ್ಟುವಾಗಲೇ ಜೊತೆಗೆ ಬಂದ ಆರನೇ ಬೆರಳಿನಂತಿತ್ತು. ಷಡಕ್ಷರಪ್ಪನವರಿಗೆ ಅದರ ಮೇಲೆ ನಿಜವಾದ ಪ್ರೀತಿಯೇ ಹುಟ್ಟಿಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಕರಿಬೇವಿಗೆಂದು ಬಂದ ಪಕ್ಕದ ಮನೆಯ ಜಗದಾಂಬಾ ಚಾಕು ನೋಡಿದರು.

"ಹಿಡಿ ಜಿಂಕೆ ಕೊಂಬಿಂದಲ್ವಾ?"

"ಕೊಂಬು ಅಂದಿದ್ದ. ಯಾವುದ್ರದ್ದು ಅಂತ ನಾನು ಕೇಳ್ಲಿಲ್ಲ."

"ಕೇಳ್ಬೇಕಿತ್ತು ಮಾರಾಯ್ರೇ. ಜಿಂಕೇದಾದ್ರೆ ಬೇಲೂ ಸಿಗಲ್ವಂತೆ. ನಿಮ್ದು ಬೇರೆ ಸರ್ಕಾರಿ ನೌಕರಿ."

ಷಡಕ್ಷರಪ್ಪನವರು ಚಾಕು ಎತ್ತಿಡುವಷ್ಟರಲ್ಲಿ ಜಗದಾಂಬಾ ಫೋಟೋ ತೆಗೆದು ತಮ್ಮ ವಾಕಿಂಗ್ ಬಳಗದ ವಾಟ್ಸಾಪಿಗೆ ಹಾಕಿಯಾಗಿತ್ತು. ಒಬ್ಬರು ಕಡವೆ ಎಂದರು. ಇನ್ನೊಬ್ಬರು ಆನೆ ದಂತವೇ ಎಂದು ಆಣೆ ಇಟ್ಟರು. ಮತ್ತೊಬ್ಬರು ಏನೂ ಹೇಳದೆ ಕೈ ಮುಗಿದರು. ಕೊನೆಗೆ ಆಲ್ಕೊಳದ ಹೊನ್ನಯ್ಯನವರ ಉತ್ತರ ಬಂತು. ಅವರು ಅರಣ್ಯ ಇಲಾಖೆಯಲ್ಲಿದ್ದವರು. "ಸಂಜೆ ಐದಕ್ಕೆ ಬರ್ತೀನಿ. ಚಾಕು ಅಲ್ಲೇ ಇರ್ಲಿ."

"ತುಂಗೆಗೆ ಎಸೆದು ಬನ್ನಿ," ಎಂದರು ಹೆಂಡತಿ ಶಾಂಭವಿ. "ಎರಡು ತಿಂಗ್ಳು ಸುಮ್ನಿರೋಕಾಗಲ್ವಾ ನಿಮಗೆ?"

ಎಸೆಯಲು ಷಡಕ್ಷರಪ್ಪನವರಿಗೆ ಮನಸ್ಸು ಬರಲಿಲ್ಲ. ಚಾಕುವನ್ನು ಟಿಫಿನ್ ಡಬ್ಬಿಯಲ್ಲಿಟ್ಟು, ಮೇಲೆ ಮೊಸರನ್ನ ಮುಚ್ಚಿ ಭದ್ರಾವತಿ ಬಸ್ಸು ಹತ್ತಿದರು. ಪಕ್ಕದಲ್ಲಿ ಖಾಕಿ ಅಂಗಿಯವನೊಬ್ಬ ಬಂದು ಕೂತ. ಬಸ್ಸು ಹಂಪು ಹಾರಿದಾಗಲೆಲ್ಲ ಡಬ್ಬಿ ಖಣ್ ಎನ್ನುತ್ತಿತ್ತು.

"ಏನ್ ಸಾರ್ ಅದ್ರಲ್ಲಿ?"

"ಮೊಸರನ್ನ."

"ಮೊಸರನ್ನ ಹಿಂಗೆ ಸದ್ದು ಮಾಡಲ್ಲ."

"ನಿನ್ನೇದು. ಸ್ವಲ್ಪ ಗಟ್ಟಿಯಾಗಿದೆ," ಎಂದ ಷಡಕ್ಷರಪ್ಪನವರು ಬೆವತುಹೋದರು. ಅವನು ಆಟೋ ಓಡಿಸುವವನೆಂದು ಗೊತ್ತಾದದ್ದು ಬಸ್ಸಿಳಿದ ಮೇಲೆ.

ವೆಂಕಟಾಚಲ ಮನೆಯ ಹಿಂದಿನ ಶೆಡ್ಡಿನಲ್ಲಿ ಕುಲುಮೆ ಊದುತ್ತಿದ್ದ.

"ಹಿಡಿ ಪ್ಲಾಸ್ಟಿಕ್‌ದು ಅಂತ ಒಂದು ಚೀಟಿ ಬರ್ಕೊಡಪ್ಪ," ಎಂದು ಷಡಕ್ಷರಪ್ಪನವರು ಗೋಗರೆದರು.

ವೆಂಕಟಾಚಲನ ಮುಖ ಕೆಂಪಾಯಿತು. "ಇಷ್ಟು ವರ್ಷದಲ್ಲಿ ಪ್ಲಾಸ್ಟಿಕ್ ಮುಟ್ಟಿಲ್ಲ ಸಾರ್. ಒರಿಜಿನಲ್ ಕೊಂಬು ಅದು."

"ಒರಿಜಿನಲ್ ಆಗಿರೋದೇ ಈಗ ಕಷ್ಟ. ಯಾವ ಪ್ರಾಣೀದು?"

"ಸಂತೇಲಿ ತಗೊಂಡಿದ್ದು. ಜೊತೆಗೆ ತಲೆ ಇರ್ಲಿಲ್ಲ ಸಾರ್, ನಾನ್ ಹೆಂಗೆ ಹೇಳ್ಲಿ?"

ಷಡಕ್ಷರಪ್ಪನವರ ತಲೆ ಇನ್ನಷ್ಟು ಕೆಟ್ಟಿತು. ಜಿಂಕೆಯೋ, ಕಡವೆಯೋ, ಏನಾದರೂ ಹಾಳಾಗಲಿ, ಹಿಡಿಯನ್ನೇ ಬದಲಾಯಿಸು ಎಂದರು. ವೆಂಕಟಾಚಲ ಗೊಣಗುತ್ತಲೇ ಮೊಳೆ ಕಿತ್ತು, ಕೊಂಬನ್ನು ಕುಲುಮೆಗೆ ಹಾಕಿದ. ಸುಟ್ಟ ಕೂದಲಿನ ವಾಸನೆ ಬೀದಿಯವರೆಗೂ ಹೋಯಿತು. ಬಳಿಕ ಮೂಲೆಯಿಂದ ಕಪ್ಪು ಗೆರೆಗಳಿದ್ದ ತುಂಡೊಂದನ್ನು ಹುಡುಕಿ ತಂದು ಅರದಿಂದ ಉಜ್ಜತೊಡಗಿದ.

"ಇದು ಯಾವ ಪ್ರಾಣೀದೂ ಅಲ್ವಲ್ಲ?"

"ಮರ ಸಾರ್. ಮರಕ್ಕೆಲ್ಲಿ ಕೊಂಬು ಬರುತ್ತೆ?"

ಎರಡು ಗಂಟೆಯಲ್ಲಿ ಹೊಸ ಹಿಡಿ ಸಿದ್ಧವಾಯಿತು. ಅದು ಮೊದಲಿನದಕ್ಕಿಂತ ಚೆಂದವಿತ್ತು. ಷಡಕ್ಷರಪ್ಪನವರು ಐದಕ್ಕೆ ಹತ್ತು ನಿಮಿಷವಿರುವಾಗ ಮನೆ ಸೇರಿದರು.

ಹೊನ್ನಯ್ಯ ಸಮಯಕ್ಕೆ ಸರಿಯಾಗಿ ಬಂದು ಕೂತರು. ಬಾಗಿಲಲ್ಲಿ ಜಗದಾಂಬಾ ಹಾಜರಿದ್ದರು.

"ಇದ್ರಲ್ಲಿ ಕೊಂಬೇ ಇಲ್ಲ, ನೋಡಿ," ಎಂದು ಷಡಕ್ಷರಪ್ಪನವರು ಧೈರ್ಯವಾಗಿ ಚಾಕು ಮುಂದಿಟ್ಟರು.

"ಅಯ್ಯೋ, ತೆಗೆಸಿಬಿಟ್ರಾ?" ಎಂದರು ಹೊನ್ನಯ್ಯ. "ಅದು ಎಮ್ಮೆ ಕೊಂಬು ಮಾರಾಯ್ರೇ. ಜಿಂಕೇದಾದ್ರೆ ಗಂಟು ಗಂಟಾಗಿರುತ್ತೆ, ಇದು ನುಣ್ಣಗಿತ್ತು. ಫೋಟೋ ನೋಡಿದಾಗ್ಲೇ ಗೊತ್ತಾಯ್ತು ನನಗೆ."

"ಮತ್ತೆ ಬರ್ತೀನಿ ಅಂದಿದ್ದು?"

"ಕೆಲಸ ಚೆನ್ನಾಗಿತ್ತಲ್ಲ, ಕಣ್ಣಾರೆ ನೋಡೋಣ ಅಂತ."

ಹೊನ್ನಯ್ಯ ಕನ್ನಡಕ ಏರಿಸಿ ಹೊಸ ಹಿಡಿಯನ್ನು ತಿರುಗಿಸಿ ನೋಡಿದರು. ಉಗುರಿನಿಂದ ಕೆರೆದು ಮೂಸಿದರು. ಅವರ ಮುಖ ಗಂಭೀರವಾಯಿತು.

"ಇದು ಬೀಟೆ. ರಿಸರ್ವ್ ಮರ. ಇದಕ್ಕೆ ಇಲಾಖೆ ಪಾಸ್ ಎಲ್ಲಿದೆ?"

ಷಡಕ್ಷರಪ್ಪನವರು ಚಾಕು ವಾಪಸು ಪಡೆಯಲು ಕೈ ಚಾಚಿದರು. ಹೊನ್ನಯ್ಯನವರಿಗೆ ಕನಿಕರವಾಗಿರಬೇಕು, ಷಡಕ್ಷರಪ್ಪನವರ ಬೆನ್ನು ತಟ್ಟಿದರು.

"ಹೆದರಬೇಡಿ. ನಾನು ರಿಟೈರಾಗಿ ಆರು ವರ್ಷ ಆಯ್ತು. ಪಾಸ್ ಕೇಳೋಕೆ ನಾನ್ಯಾರು?"

ಷಡಕ್ಷರಪ್ಪನವರು ಬೆಳಿಗ್ಗೆಯಿಂದ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟರು.

"ಕೇಳ್ಬೇಕಾದವನು ನನ್ನ ಅಳಿಯ," ಎಂದರು ಹೊನ್ನಯ್ಯ. "ಇಲ್ಲಿ ರೇಂಜ್ ಆಫೀಸರು. ಫೋಟೋ ನೋಡಿ, ತನಗೂ ಇಂಥದ್ದೇ ಚಾಕು ಬೇಕು ಅಂತ ಜೊತೇಲೇ ಬಂದಿದಾನೆ. ಕೆಳಗೆ ಜೀಪ್ ನಿಲ್ಲಿಸ್ತಿದಾನೆ, ಬಾಗಿಲು ಹಾಕ್ಬೇಡಿ."