ಪಟಾಲಮ್ಮನ ಕೆರೆಯವರ ಸನ್ನಿಧಿಗೆ, ಅವರ ಅಂಗಳದಿಂದ

ಶ್ರೀಮತಿ ಪಟಾಲಮ್ಮನ ಕೆರೆಯವರಿಗೆ,
ಬೇಸಿಗೆಯ ವಿಳಾಸ: ಲೇಕ್ ಬ್ರೀಜ್ ಬಡಾವಣೆಯ ಹಿಂಭಾಗ, ಕೆ.ಆರ್. ಪುರದ ಹತ್ತಿರ
ಮಳೆಗಾಲದ ವಿಳಾಸ: ಲೇಕ್ ಬ್ರೀಜ್ ಬಡಾವಣೆ, ನಮ್ಮ ಮನೆಯ ಹಾಲ್

ಮಾನ್ಯರೇ,

ತಮ್ಮ ಏರಿ, ತಮ್ಮ ಕೋಡಿ, ತಮ್ಮ ಜೊಂಡುಹುಲ್ಲು, ತಮ್ಮನ್ನು ನಂಬಿಕೊಂಡಿರುವ ಕಪ್ಪೆಗಳ ಸಮಸ್ತ ಕುಟುಂಬ ಎಲ್ಲವೂ ಕ್ಷೇಮವಾಗಿರುವುದೆಂದು ನಂಬುತ್ತೇನೆ. ಕಪ್ಪೆಗಳ ಮಟ್ಟಿಗಂತೂ ಖಾತ್ರಿಯಾಗಿ ಹೇಳಬಲ್ಲೆ, ಏಕೆಂದರೆ ಅವುಗಳಲ್ಲಿ ಕೆಲವು ಇನ್ನೂ ನಮ್ಮ ಶೂ ಸ್ಟ್ಯಾಂಡಿನಲ್ಲಿಯೇ ಇವೆ ಮತ್ತು ಬಹಳ ಉಲ್ಲಾಸದಿಂದಿವೆ.

ನನ್ನ ಹೆಸರು ಹಂಸ. ಈ ಹೆಸರು ಕೇಳಿ ನಾನು ತಮ್ಮ ಕಡೆಯವಳೇ ಇರಬೇಕೆಂದು ತಾವು ಅಷ್ಟೊಂದು ಸಲುಗೆಯಿಂದ ಮನೆಯೊಳಗೆ ಬಂದಿದ್ದರೆ ಅದು ತಮ್ಮ ದೊಡ್ಡ ಗುಣ. ಆದರೆ ನನಗೆ ಈಜು ಬರುವುದಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ತಿಳಿಸಬಯಸುತ್ತೇನೆ. ನಾನು ಹುಟ್ಟಿ ಬೆಳೆದದ್ದು ವಿಮಾನಪುರದ ಕ್ವಾರ್ಟರ್ಸಿನಲ್ಲಿ, ಓದಿದ್ದು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ, ಮದುವೆಯಾದದ್ದು ಈ ಮೇ ತಿಂಗಳಲ್ಲಿ, ಜಗತ್ತಿನಲ್ಲೇ ಅತಿ ಒಳ್ಳೆಯ ಮನುಷ್ಯನಾದ ಶ್ರೀನಾಥನನ್ನು. ಅವನದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕನ್ನಡಕದ ಅಂಗಡಿ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವ ಅವನಿಗೆ ಮನೆ ನೋಡಲು ಬಂದ ದಿನ ತಮ್ಮಷ್ಟು ದೊಡ್ಡ ಕೆರೆ ಕಾಣಲಿಲ್ಲ. ನನಗೆ ಕಂಡಿತು, ಆದರೆ ನನಗೆ ಈ ಊರಿನ ಕನ್ನಡ ಬರಲಿಲ್ಲ. ಇಲ್ಲಿಯೇ ಎಲ್ಲ ಆರಂಭವಾದದ್ದು.

ಆ ದಿನ ತಮ್ಮ ಏರಿಯ ಮೇಲಿನ ಪಟಾಲಮ್ಮನ ಗುಡಿಯ ಪಕ್ಕದಲ್ಲಿ, ಸ್ವಂತ ಮೂರಂತಸ್ತಿನ ಕಟ್ಟಡದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಆಂಜನಮ್ಮನವರು, ಈ ಊರಿನ ಹಳೆಯ ಒಕ್ಕಲು ಮನೆತನದವರು, ನಮ್ಮನ್ನು ಕರೆದು, "ಆ ಮನೇನಾ ನೋಡಕ್ಕೆ ಬಂದಿರೋದು? ಅದು ಕೆರೆ ಅಂಗಳ ಕಣಮ್ಮಾ" ಎಂದರು. ನನ್ನ ಸಂತೋಷವನ್ನು ಹೇಗೆ ವರ್ಣಿಸಲಿ! ಕ್ವಾರ್ಟರ್ಸಿನ ಮನೆಗೆ ಅಂಗಳವೇ ಇರಲಿಲ್ಲ. ಅಮ್ಮ ಮೆಟ್ಟಿಲಿನ ಮೇಲೆ, ಬೇರೆಯವರ ಚಪ್ಪಲಿಗಳ ನಡುವೆ, ಅಂಗೈಯಗಲದ ರಂಗೋಲಿ ಹಾಕುತ್ತಿದ್ದಳು. ಈ ಮನೆಗೆ ಕೆರೆಯೂ ಇದೆ, ಅಂಗಳವೂ ಇದೆ! "ಆಂಟೀ, ಎಷ್ಟು ಚೆನ್ನಾಗಿದೆ, ನನಗೆ ಅಂಗಳ ಅಂದ್ರೆ ಪ್ರಾಣ" ಎಂದು ಅವರ ಕೈ ಹಿಡಿದುಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಂಗೆ ಇಷ್ಟ ಆದ್ರೆ ಸರಿ ಬುಡಮ್ಮಾ" ಎಂದು ವೀಳ್ಯದೆಲೆಗೆ ಸುಣ್ಣ ಹಚ್ಚಿಕೊಂಡರು. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕುಳಿತು ಶ್ರೀನಾಥನ ಕಿವಿಯಲ್ಲಿ "ಅಂಗಳ, ಅಂಗಳ" ಎಂದು ನಾನು ಜಪ ಮಾಡಿದ ಕಾರಣಕ್ಕೇ ಅವನು ಆ ಮನೆ ಕೊಂಡದ್ದು. ಕೆರೆ ಅಂಗಳವೆಂದರೆ ಕೆರೆ ಮೈಚಾಚಿ ಮಲಗುವ ಜಾಗ, ನೀರು ತುಂಬಿದಾಗ ಅದರ ಹಾಸಿಗೆ ಎಂದು ನನಗೆ ತಿಳಿದದ್ದು ಗೌರಿ ಹಬ್ಬದ ಬೆಳಿಗ್ಗೆ. ತಿಳಿಸಿದವರು ತಾವೇ. ಇಷ್ಟು ಚೆನ್ನಾಗಿ ಕನ್ನಡ ಕಲಿಸಿದ ಗುರುಗಳು ನನಗೆ ಶಾಲೆಯಲ್ಲಿಯೂ ಸಿಕ್ಕಿರಲಿಲ್ಲ.

ಅದು ಮದುವೆಯಾದ ಮೇಲೆ ನನ್ನ ಮೊದಲ ಗೌರಿ ಎಂಬುದು ತಮಗೆ ಗೊತ್ತಿತ್ತೆಂದೇ ನನ್ನ ಗುಮಾನಿ. ಅರಿಶಿನ, ಕುಂಕುಮ, ಬಳೆ, ಬೇಳೆ, ಬೆಲ್ಲ, ರವಿಕೆ ಕಣ ಎಲ್ಲ ತುಂಬಿದ ಮೊರದ ಬಾಗಿನಗಳನ್ನು ಹಾಲಿನಲ್ಲಿ ಸಾಲಾಗಿ ಇಟ್ಟಿದ್ದೆ. ಅತ್ತೆಯವರು ದಿವಾನದ ಮೇಲೆ ಕುಳಿತು ಸಾಲು ಸೊಟ್ಟಗಿದೆ ಎಂದು ಹೇಳುತ್ತಿದ್ದರು. ಹಬ್ಬದ ದಿನ ಮನೆಗೆ ಬರುವ ಮುತ್ತೈದೆಯರು ಮುಂಬಾಗಿಲಿನಿಂದ, ಹೊಸ್ತಿಲು ದಾಟಿ ಬರುವುದು ವಾಡಿಕೆ. ತಾವು ಸಂಕೋಚದ ಸ್ವಭಾವದವರಾದ್ದರಿಂದ ಬಚ್ಚಲುಮನೆಯ ತೂತಿನ ಮೂಲಕ ಗುಳುಗುಳು ಎನ್ನುತ್ತ ಬಂದಿರಿ. ನೋಡುತ್ತ ನೋಡುತ್ತ ಹಾಲಿಗೆ ದಯಮಾಡಿಸಿದಿರಿ. ಅತ್ತೆಯವರು ಕಾಲು ಮೇಲೆತ್ತಿಕೊಂಡರು. ಮರುದಿನ ಕೂರಿಸಬೇಕೆಂದು ತಂದಿದ್ದ ಮಣ್ಣಿನ ಗಣಪತಿ, ಪೂಜೆ ನೈವೇದ್ಯ ಯಾವುದಕ್ಕೂ ಕಾಯದೆ, ತಾಯಿಯ ಹಬ್ಬದ ದಿನವೇ ತಾನಾಗಿ ವಿಸರ್ಜನೆಯಾದ. ನನ್ನ ಅಪ್ಪ ಕೊಡಿಸಿದ ವಾಷಿಂಗ್ ಮೆಷಿನ್ ಮೊದಲ ಬಾರಿಗೆ ತಾನೇ ತೊಳೆಸಿಕೊಂಡಿತು. ಮತ್ತು ನನ್ನ ಬಾಗಿನಗಳು ಒಂದರ ಹಿಂದೆ ಒಂದು, ಕೊನೆಗೂ ಸೊಟ್ಟಗಿಲ್ಲದ ಸಾಲಿನಲ್ಲಿ, ಹಾಲನ್ನು ಪ್ರದಕ್ಷಿಣೆ ಹಾಕಿ ಮುಂಬಾಗಿಲಿನಿಂದ ತೇಲಿಕೊಂಡು ತಮ್ಮ ಕಡೆಗೆ ಹೊರಟುಹೋದವು.

ಈ ಸುದ್ದಿ ಕೇಳಿ ಆಂಜನಮ್ಮನವರು ಏನೆಂದರು ಗೊತ್ತೆ? "ಕೆರೆ ತುಂಬಿದ್ರೆ ಬಾಗಿನ ಕೊಡೋದು ಪದ್ಧತಿ ಕಣಮ್ಮಾ. ದೊಡ್ಡ ದೊಡ್ಡೋರೆಲ್ಲ ಕಾರು ಮಾಡ್ಕೊಂಡು ಡ್ಯಾಮಿಗೋಗಿ ಕೊಟ್ಬತ್ತಾರೆ. ನಿನ್ ಪುಣ್ಯ, ಮನೆಗೇ ಬಂದು ಈಸ್ಕೊಂಡು ಹೋಯ್ತು." ನಾನು ಅಳುವುದನ್ನು ನಿಲ್ಲಿಸಿ ನಗಲು ತೊಡಗಿದ್ದು ಆಗ. ಅತ್ತೆಯವರು ಮಾತ್ರ ನಗಲಿಲ್ಲ. ಕಲ್ಯಾಣ ನಗರದ ಮಗಳ ಮನೆಗೆ, ನಾಲ್ಕನೇ ಮಹಡಿಗೆ, ಹೋದವರು ಇನ್ನೂ ಬಂದಿಲ್ಲ. ಆ ಒಂದು ಉಪಕಾರಕ್ಕಾಗಿ ತಮಗೆ ಪ್ರತ್ಯೇಕ ವಂದನೆಗಳು.

ಮಾನ್ಯರೇ, ತಾವು ಹಿರಿಯರು, ನಾವು ಬರುವ ಮೊದಲೇ ಇಲ್ಲಿದ್ದವರು, ಆದ್ದರಿಂದ ಬರಬೇಡಿ ಎನ್ನುವಷ್ಟು ಒರಟು ಸ್ವಭಾವದವಳು ನಾನಲ್ಲ. ಬರುವ ರೀತಿಯ ಬಗ್ಗೆ ಕೆಲವು ಬಿನ್ನಹಗಳಿವೆ, ಅಷ್ಟೆ. ದಯವಿಟ್ಟು ಹಿಂದಿನ ದಿನವೇ ಫೋನ್ ಮಾಡಿ ಬನ್ನಿ. ಬಚ್ಚಲಿನಿಂದ ಬರದೆ ಬೆಲ್ ಒತ್ತಿ ಬನ್ನಿ. ಕೆಸರು, ಜೊಂಡು, ಯಾರದೋ ಒಂದು ಕಾಲಿನ ಚಪ್ಪಲಿ ಇವನ್ನೆಲ್ಲ ಗೇಟಿನ ಹೊರಗೇ ಬಿಟ್ಟು ಬನ್ನಿ. ಹಾಗೆಯೇ ಸ್ವಲ್ಪ ಮೆಟ್ಟಿಲು ಹತ್ತುವುದನ್ನೂ ಅಭ್ಯಾಸ ಮಾಡಿಕೊಂಡರೆ, ತಮ್ಮ ಅಂಗಳವನ್ನು ಸೈಟುಗಳಾಗಿ ಕತ್ತರಿಸಿ ಅದಕ್ಕೆ ತಮ್ಮದೇ ಗಾಳಿಯ ಹೆಸರಿಟ್ಟು ಮಾರಿದ ಮಹನೀಯರು ಇಂದಿರಾನಗರದ ಎರಡನೇ ಮಹಡಿಯ ಆಫೀಸಿನಲ್ಲಿ ಕಾರ್ಪೆಟ್ ಹಾಸಿಕೊಂಡು ಕುಳಿತಿರುತ್ತಾರೆ, ಅವರನ್ನೂ ಒಮ್ಮೆ ಕಂಡು ಬರಬಹುದು. ನಾವು ಎಷ್ಟು ಸಲ ಹೋದರೂ ಅವರು ಸಿಗುವುದಿಲ್ಲ; ತಮಗಾದರೆ ಬಾಗಿಲು ತೆರೆಯುವ ಅಗತ್ಯವೂ ಇಲ್ಲ.

ತಾವು ಹಿಂತಿರುಗಿದ ಮೇಲೆ ಇಲ್ಲಿ ನಡೆದದ್ದನ್ನೂ ತಿಳಿಸಬೇಕು, ಏಕೆಂದರೆ ಅದು ತಮ್ಮ ಬಗ್ಗೆಯೇ. ನಮ್ಮ ನಿವಾಸಿಗಳ ಸಂಘದ ಸಭೆ ಸೇರಿತು. ಸಂಘದ ಕಾರ್ಯದರ್ಶಿ ಜಗನ್ ಅವರೇ ಮನೆ ಮಾರಿಸುವ ಬ್ರೋಕರ್ ಕೂಡ ಆಗಿರುವುದರಿಂದ ಸಭೆ ಬಹಳ ಚುರುಕಾಗಿ ನಡೆಯಿತು. ಕಾಲುವೆ ತೆಗೆಸುವುದು, ಅರ್ಜಿ ಕೊಡುವುದು ಮುಂತಾದ ಸಣ್ಣ ವಿಷಯಗಳನ್ನು ಮುಂದೂಡಿ, ಬಡಾವಣೆಗೆ ನೀರು ನುಗ್ಗುವುದನ್ನು ಇನ್ನು ಮುಂದೆ 'ತೇವ' ಎಂದು ಕರೆಯತಕ್ಕದ್ದೆಂದು ತೀರ್ಮಾನಿಸಲಾಯಿತು. ಗೋಡೆಯ ಮೇಲೆ ತಾವು ಬಿಟ್ಟುಹೋದ ಗೆರೆ ಕಾಣದಂತೆ ಎಲ್ಲರೂ ಸೊಂಟದೆತ್ತರಕ್ಕೆ ಕಾಫಿ ಬಣ್ಣ ಬಳಿಸಿದೆವು. ಫ್ರಿಜ್, ಬೀರು, ಸೋಫಾಗಳನ್ನು ಇಟ್ಟಿಗೆಗಳ ಮೇಲೆ ಏರಿಸಿ, ಇಟ್ಟಿಗೆ ಕಾಣದಂತೆ ನೆರಿಗೆಯ ಬಟ್ಟೆ ಕಟ್ಟಿದೆವು. ಈಗ ನಮ್ಮ ಫ್ರಿಜ್ ಲಂಗ ಉಟ್ಟ ಮಗುವಿನಂತೆ ಮುದ್ದಾಗಿದೆ. "ಒಬ್ರು ಬಾಯಿ ಬಿಟ್ರೂ ಎಲ್ಲರ ಮನೆ ರೇಟೂ ಮಣ್ಣುಪಾಲು ಆಗುತ್ತೆ ರೀ" ಎಂದು ಜಗನ್ ಮೇಜು ಕುಟ್ಟಿದರು. ಶ್ರೀನಾಥ್, ಪಾಪ, ತಿದ್ದುವ ಸ್ವಭಾವದವನು, "ನೀರುಪಾಲು ಅನ್ನಿ ಸಾರ್" ಎಂದುಬಿಟ್ಟ. ಅವನನ್ನು ಹೊರಗೆ ನಿಲ್ಲಿಸಿದರು. ಉಳಿದವರೆಲ್ಲ, ನನ್ನನ್ನೂ ಸೇರಿಸಿ, ಹೊರಗಿನವರ ಮುಂದೆ ನೀರಿನ ಮಾತನ್ನು ಬಾಯಿಂದ ಆಡುವುದಿಲ್ಲವೆಂದು ಜಗನ್ ಅವರ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟೆವು. ನಾಳೆ ನಾವೂ ಮಾರಬೇಕಾಗಿ ಬಂದರೆ ಒಳ್ಳೆಯ ರೇಟು ಸಿಗಲಿ ಎಂಬ ಆಸೆ ನನಗೂ ಇತ್ತು, ಮುಚ್ಚಿಡುವುದೇಕೆ!

ಹೀಗಿರುವಾಗ ಕಳೆದ ಭಾನುವಾರ ಪಕ್ಕದ ಖಾಲಿ ಮನೆ ನೋಡಲು ಸಾಬಿರಾ ಬಂದಳು. ಶಿವಾಜಿನಗರದವಳು, ನನ್ನಂತೆಯೇ ಹೊಸದಾಗಿ ಮದುವೆಯಾದವಳು, ಶಾಲೆಯಲ್ಲಿ ಕನ್ನಡ ಟೀಚರ್. ನಕ್ಕರೆ ಬೀದಿಗೆಲ್ಲ ಕೇಳಿಸುತ್ತದೆ. ನೋಡಿದ ಕೂಡಲೇ ಇವಳೇ ನನ್ನ ಪಕ್ಕದ ಮನೆಯವಳು ಎಂದು ನಾನು ಮನಸ್ಸಿನಲ್ಲಿಯೇ ಕಾಂಪೌಂಡಿನ ಮೇಲಿಂದ ಸಾರಿನ ಪಾತ್ರೆ ದಾಟಿಸಲು ಆರಂಭಿಸಿದ್ದೆ. ಜೊತೆಗೆ ಅವಳ ಅತ್ತೆ ಮಜೀದಾ ಬಂದಿದ್ದರು. ಮದುವೆಯ ಬಟ್ಟೆಗಳಿಗೆ ಜರಿ ಕೆಲಸ ಮಾಡುವವರು. ಶಿವಾಜಿನಗರದ ಗಲ್ಲಿಯಲ್ಲಿರುವ ತಮ್ಮ ಪಾಲಿನ ಮನೆಯನ್ನು ಮಾರಿ ಇಲ್ಲಿಗೆ ಬಂದು, ಕೆಳಗಿನ ಹಾಲಿನಲ್ಲಿ ಜರಿಯ ಚೌಕಟ್ಟುಗಳನ್ನು ಹಾಕುವುದೆಂದು ಅವರ ಯೋಚನೆ. ಬಟ್ಟೆಯ ಥಾನುಗಳನ್ನು ಎಲ್ಲಿ ಜೋಡಿಸುವುದೆಂದು ನೆಲದ ಮೇಲೆ ಗೇಣು ಹಾಕಿ ಅಳೆದು ನೋಡುತ್ತಿದ್ದರು. ನೆಲದ ಮೇಲೆ, ಮಾನ್ಯರೇ. ಗೋಡೆಯುದ್ದಕ್ಕೂ, ಬಚ್ಚಲುಮನೆಯ ಬಾಗಿಲಿನವರೆಗೂ.

ಆಗ ಸಾಬಿರಾ, ಬೆಂಗಳೂರಿನಲ್ಲಿ ಮನೆ ನೋಡುವ ಯಾರೇ ಆದರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: "ಇಲ್ಲಿ ನೀರು ಹೇಗಿದೆ ಸಾರ್?"

ಗೇಟಿನ ಬಳಿ ನಿಂತಿದ್ದ ನಾವೆಲ್ಲ ಜಗನ್ ಅವರ ಮುಖ ನೋಡಿದೆವು. ಜಗನ್ ಅವರ ಪ್ರತಿಭೆಯನ್ನು ನಾನು ಮೆಚ್ಚಿದ್ದು ಆ ಕ್ಷಣದಲ್ಲಿ. "ನೀರಿನ ಮಾತೇ ಎತ್ತಬೇಡಿ ಮೇಡಂ. ಬೇರೆ ಏರಿಯಾದಲ್ಲಿ ನೀವು ನೀರನ್ನ ಹುಡ್ಕೊಂಡು ಹೋಗ್ಬೇಕು. ಇಲ್ಲಿ ಅದೇ ಮನೆ ಬಾಗಿಲಿಗೆ ಬರುತ್ತೆ" ಎಂದರು. ಒಂದಕ್ಷರ ಸುಳ್ಳಿಲ್ಲ! ಬೆಳಗಾಗುವ ಮೊದಲೇ ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಲ ಕಳೆದ ಮಜೀದಾ, "ಮಾಶಾ ಅಲ್ಲಾ, ನೀರಿದ್ರೆ ಸಾಕು ಬೇಟಾ, ಇನ್ನೇನು ಬೇಕು" ಎಂದು ಕಣ್ಣೊರೆಸಿಕೊಂಡರು. ಸಾಬಿರಾ ನನ್ನ ಕಡೆ ತಿರುಗಿ, "ನೀವು ಇಲ್ಲೇ ಇರೋರಲ್ವಾ, ನೀವು ಹೇಳಿ" ಎಂದಳು. ನಾನು ಬಾಯಿ ತೆರೆದೆ. ಜಗನ್ ತಮ್ಮ ಕೈಯನ್ನು, ನಾನು ಕೈಯಿಟ್ಟಿದ್ದ ಅದೇ ಕೈಯನ್ನು, ನೋಡಿಕೊಂಡರು. ನಾನು, "ಕಾಫಿ ಕುಡೀತೀರಾ?" ಎಂದೆ.

ಕಾಫಿಗೆ ಬಂದವಳು ನಮ್ಮ ಫ್ರಿಜ್ಜಿನ ಮುಂದೆ ನಿಂತು, "ಇದ್ಯಾಕ್ರೀ ಇಷ್ಟೆತ್ತರ? ಐಸ್ ತೆಗೆಯೋಕೆ ಏಣಿ ಬೇಕಲ್ಲ" ಎಂದು ನಕ್ಕಳು. ಹಿಂದೆಯೇ ಬಂದಿದ್ದ ಜಗನ್, "ಇವರ ಮನೇಲಿ ಫ್ರಿಜ್‌ಗೂ ಪೂಜೆ ಮಾಡ್ತಾರೆ ಮೇಡಂ, ಸಂಪ್ರದಾಯಸ್ಥರು" ಎಂದುಬಿಟ್ಟರು. ಆ ಒಳ್ಳೆಯ ಹುಡುಗಿ ಕೂಡಲೇ ಚಪ್ಪಲಿ ಬಿಟ್ಟು ಬಂದು, ನಮ್ಮ ಫ್ರಿಜ್ಜಿಗೆ ಕೈ ತಾಗದಂತೆ ದೂರ ನಿಂತಳು. ನನಗೆ ಆಂಜನಮ್ಮನವರು ಒಂದು ಮಾತಾದರೂ ಹೇಳಿದ್ದರು. ಅರ್ಥವಾಗದಿದ್ದುದು ನನ್ನ ಹಣೆಬರಹ. ಅರ್ಥ ಮಾಡಿಕೊಳ್ಳಬಲ್ಲ ಇವಳಿಗೆ ಆ ಒಂದು ಮಾತನ್ನೂ ಯಾರೂ ಹೇಳಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ಮುಂಗಡ ಕೊಡಲು ಬರುತ್ತಾರೆ. ಆದ್ದರಿಂದ, ಮಾನ್ಯರೇ, ಮೇಲೆ ಬರೆದ ಬಿನ್ನಹಗಳನ್ನೆಲ್ಲ ದಯವಿಟ್ಟು ಮರೆತುಬಿಡಿ. ಫೋನ್ ಬೇಡ, ಬೆಲ್ ಬೇಡ. ಆ ದಿನ ಹನ್ನೊಂದಕ್ಕೆ ಸ್ವಲ್ಪ ಮುಂಚೆ, ಪಕ್ಕದ ಮನೆಯ ಬಚ್ಚಲಿನಿಂದಲೇ, ತಮಗೆ ಅಭ್ಯಾಸವಾದ ದಾರಿಯಲ್ಲೇ ಬನ್ನಿ. ಜಾಸ್ತಿ ಬೇಡ, ಪಾದ ಮುಳುಗುವಷ್ಟು ಸಾಕು. ಮಜೀದಾ ಅವರು ಗೇಣು ಹಾಕಿದ ನೆಲ ಒದ್ದೆಯಾದರೆ ಸಾಕು. ನಾನು ಕೊಟ್ಟ ಭಾಷೆ ನನ್ನ ಬಾಯಿ ಕಟ್ಟಿದೆ. ತಾವು ಯಾರಿಗೂ ಭಾಷೆ ಕೊಟ್ಟಿಲ್ಲ. ಈ ಸಲ ಬಾಗಿನ ತಾನಾಗಿ ತೇಲಿ ಬರಬೇಕಾಗಿಲ್ಲ. ಹೊಸ ಮೊರ ತಂದಿದ್ದೇನೆ, ಸೀರೆಯ ಸೆರಗು ಹೊದಿಸಿ, ಗೇಟಿನಲ್ಲಿ ಎದುರುಗೊಂಡು, ನನ್ನ ಕೈಯಾರೆ ಕೊಡುತ್ತೇನೆ.

ತಮ್ಮ ಅಂಗಳದಲ್ಲಿ ಕೇಳದೆ ಬಂದು ಕುಳಿತಿರುವ,
ತಮ್ಮ ವಿಶ್ವಾಸಿ,
ಹಂಸ ಶ್ರೀನಾಥ್

ಮರೆತ ಮಾತು: ಆ ದಿನ ಮೋಡವಿಲ್ಲದೆ ತಮಗೆ ಬರಲು ಸಾಧ್ಯವಾಗದಿದ್ದರೂ ಚಿಂತೆಯಿಲ್ಲ. ಈ ಪತ್ರಿಕೆಯ ಶನಿವಾರದ ಪುಟವನ್ನು ಕತ್ತರಿಸಿಕೊಂಡು ಹೋಗಿ ಶಾಲೆಯ ಮಕ್ಕಳಿಂದ ಗಟ್ಟಿಯಾಗಿ ಓದಿಸುವುದು ತನ್ನ ಅಭ್ಯಾಸವೆಂದು ಸಾಬಿರಾ ಕಾಫಿ ಕುಡಿಯುತ್ತ ಹೇಳಿದ್ದಳು. ಆದ್ದರಿಂದ ಸಂಪಾದಕರು ಇದನ್ನು ಈ ಶನಿವಾರವೇ ಅಚ್ಚು ಹಾಕಬೇಕಾಗಿ ಕೋರುತ್ತೇನೆ, ಮತ್ತು ಮನೆ ಮಾರಾಟದ ಜಾಹೀರಾತುಗಳ ಪಕ್ಕದಲ್ಲಿ ಮಾತ್ರ ಹಾಕಬಾರದು. ಜಗನ್ ಅವರು ಪತ್ರಿಕೆಯಲ್ಲಿ ಓದುವುದು ಅದೊಂದನ್ನೇ. ಅವರ ಕಣ್ಣಿಗೆ ಬಿದ್ದರೂ ನಾನು ಭಾಷೆ ಮುರಿದಿಲ್ಲ ಎಂಬುದಕ್ಕೆ ಇಡೀ ಸಂಘವೇ ಸಾಕ್ಷಿ: ಹೊರಗಿನವರ ಮುಂದೆ ನೀರಿನ ಮಾತನ್ನು ಬಾಯಿಂದ ಆಡುವುದಿಲ್ಲ ಎಂದಿದ್ದೆ, ಆಡಿಲ್ಲ.