ಐದನೆಯ ಸೂಜಿ

ಪುಟ್ಟ ದಿಂಬಿನ ಮೇಲೆ ಐದು ಸೂಜಿ ಇರಬೇಕಾಗಿತ್ತು. ನಾಲ್ಕೇ ಇದ್ದವು.

ಮೀಟರಣ್ಣ ಇನ್ನೊಮ್ಮೆ ಎಣಿಸಿದ. ಎಡದಿಂದ ಬಲಕ್ಕೆ ನಾಲ್ಕು, ಬಲದಿಂದ ಎಡಕ್ಕೂ ನಾಲ್ಕು. ದಿಂಬನ್ನು ತಲೆಕೆಳಗು ಮಾಡಿ ನೋಡಿದ, ಹಿಂಡಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ. ನಾಲ್ಕು ನಾಲ್ಕಾಗಿಯೇ ಉಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಎಣಿಕೆ ತಪ್ಪಿರಬೇಕು ಎಂದುಕೊಂಡು ಎದ್ದು ಹೋಗುತ್ತಿದ್ದರು. ಇವನು ಹಾಗಲ್ಲ. ಹತ್ತೊಂಬತ್ತು ವರ್ಷದಿಂದ ಮನೆ ಮನೆ ಸುತ್ತಿ ನೀರಿನ ಮೀಟರು ಓದುವವನು. ಒಂದು ಅಂಕಿ ಹಿಂದೆ ಮುಂದೆ ಬರೆದವನಲ್ಲ. ಆ ಕೆಲಸದಿಂದಲೇ ಬೀದಿಯವರೆಲ್ಲ ಅವನನ್ನು ಮೀಟರಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ವಾರವಿಡೀ ಮೀಟರು, ಭಾನುವಾರ ಸೂಜಿದಾರ. ನಾಲ್ಕು ವರ್ಷದ ಹಿಂದೆ ಕಾಲು ಉಳುಕಿ ಮನೆಯಲ್ಲಿ ಬಿದ್ದಿದ್ದಾಗ, ಹೊತ್ತು ಹೋಗದೆ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಲು ಕೂತವನು ಕಾಲು ನೆಟ್ಟಗಾದ ಮೇಲೂ ಏಳಲಿಲ್ಲ. ಒಂದು ಭಾನುವಾರ ಚಹಾದ ಕೆಟಲಿಗೆ ಹೊದಿಕೆ, ಇನ್ನೊಂದು ಭಾನುವಾರ ಕನ್ನಡಕಕ್ಕೆ ಚೀಲ, ಮತ್ತೊಂದು ಭಾನುವಾರ ಮಿಕ್ಸಿಗೆ ಅಂಗಿ. "ಇನ್ನು ಈ ಮನೇಲಿ ಬರಿಮೈಲಿ ಇರೋದು ನಲ್ಲಿ ಒಂದೇ" ಎಂದು ಹೆಂಡತಿ ತಮಾಷೆ ಮಾಡಿದ ಮರುವಾರವೇ ನಲ್ಲಿಗೂ ಒಂದು ಟೋಪಿ ಬಂತು. ಇವು ಯಾವುದನ್ನೂ ಯಾರೂ ಬೇಕೆಂದು ಕೇಳಿರಲಿಲ್ಲ. ಕೇಳಿ ಮಾಡಿಸಿಕೊಂಡದ್ದು ಈ ನಾಲ್ಕು ವರ್ಷದಲ್ಲಿ ತಂಗಿ ಒಬ್ಬಳೇ. "ಅಣ್ಣಾ, ನನ್ನ ಮಗೂಗೆ ನಿನ್ನ ಕೈಯಿಂದಲೇ ಒಂದು ಕೌದಿ ಆಗ್ಬೇಕು" ಎಂದಿದ್ದಳು.

ಹನ್ನೊಂದು ಭಾನುವಾರ ಹಿಡಿದಿತ್ತು. ಮೇಲೆ ಅಂಗೈಯಗಲದ ನಲವತ್ತೆಂಟು ತುಂಡು, ನಡುವೆ ಹತ್ತಿ, ಕೆಳಗೆ ಮೆತ್ತನೆಯ ಹಳೆಯ ಪಂಚೆ, ಮೂರನ್ನೂ ಹಿಡಿದು ನಿಲ್ಲಿಸುವ ನೀಲಿ ದಾರದ ಸಾಲು ಸಾಲು ಹೊಲಿಗೆ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಕೊನೆಯ ಗಂಟು ಹಾಕಿ, ದಾರ ಕಡಿದು, ಅಭ್ಯಾಸದಂತೆ ಸೂಜಿ ಎಣಿಸಿದ್ದ. ಸಂಜೆ ಐದಕ್ಕೆ ಆಸ್ಪತ್ರೆಯಿಂದ ತಂಗಿ, ಎಂಟು ದಿನದ ಕೂಸು ಇಬ್ಬರೂ ಇವನ ಮನೆಗೇ ಬರುವವರಿದ್ದರು.

ಅವನ ಕಣ್ಣ ಮುಂದೆ ಎರಡು ಚಿತ್ರ ಬಂದವು. ಒಂದರಲ್ಲಿ ಕೂಸಿನ ಬೆನ್ನು. ಇನ್ನೊಂದರಲ್ಲಿ ಸೂಜಿ. ನಡುವೆ ಅವನು ಹೊಲಿದ ಕೌದಿ.

ಹೆಂಡತಿ ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವವಳು. ಕಳೆದುಹೋದ ಕಾಗದ ಹುಡುಕಿ ಹುಡುಕಿ ಪಳಗಿದವಳು. ಗಂಡನ ಮುಖ ನೋಡಿದ್ದೇ ಏನೂ ಕೇಳದೆ ಮೊದಲು ಅವನ ಕಾಲಿಗೆ ಚಪ್ಪಲಿ ತಂದು ಹಾಕಿದಳು. ಆಮೇಲೆ ಕೋಣೆ ಗುಡಿಸಿದಳು, ಚಾಪೆ ಕೊಡವಿದಳು, ಅವನನ್ನು ನಿಲ್ಲಿಸಿ ಅಂಗಿ, ಜೇಬು, ಪಂಚೆಯ ಮಡಿಕೆ ಎಲ್ಲವನ್ನೂ ಪೊಲೀಸರಂತೆ ತಡವಿದಳು. ಒಂದು ಗುಂಡಿ, ಎರಡು ಹಲ್ಲುಕಡ್ಡಿ, ಮೂರು ತಿಂಗಳ ಹಿಂದೆ ಕಾಣೆಯಾಗಿದ್ದ ಅವಳ ಕಿವಿಯೋಲೆ ಸಿಕ್ಕವು. ಸೂಜಿ ಸಿಗಲಿಲ್ಲ. ಮೇಲಿನ ಮನೆಯಲ್ಲಿರುವ ನಿವೃತ್ತ ವಿಜ್ಞಾನದ ಮೇಷ್ಟ್ರ ಬಳಿ ಅಯಸ್ಕಾಂತ ಇರಬಹುದು ಎಂದು ಅವಳಿಗೇ ಹೊಳೆದದ್ದು.

ಮೇಷ್ಟ್ರು ಅಯಸ್ಕಾಂತದ ಜೊತೆ ಇಳಿದು ಬಂದರು. ಅವರನ್ನು ಯಾರಾದರೂ ಏನಾದರೂ ಕೇಳಿ ಆರು ವರ್ಷವಾಗಿತ್ತು. ಅದಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದಿದ್ದರು. ಕುದುರೆ ಲಾಳದ ಆಕಾರದ ಅಯಸ್ಕಾಂತವನ್ನು ಕೌದಿಯ ಮೇಲೆ ಉಳುಮೆ ಮಾಡಿದಂತೆ ಎಳೆದರು. ಏನೂ ಅಂಟಲಿಲ್ಲ. ಹಾಗಾದರೆ ಒಳಗೆ ಸೂಜಿ ಇಲ್ಲ ಎಂದು ಮೀಟರಣ್ಣ ಉಸಿರು ಬಿಡುವಷ್ಟರಲ್ಲಿ, ಪ್ರಯೋಗ ಎಂದ ಮೇಲೆ ಪರೀಕ್ಷೆಯೂ ಬೇಕು ಎಂದು ಮೇಷ್ಟ್ರು ಉಳಿದ ನಾಲ್ಕರಲ್ಲಿ ಒಂದು ಸೂಜಿಯನ್ನು ಬೇಕೆಂದೇ ಕೌದಿಯ ಕೆಳಗಿಟ್ಟು ಮತ್ತೆ ಎಳೆದರು. ಅದೂ ಅಂಟಲಿಲ್ಲ.

"ಹತ್ತಿ ದಪ್ಪ ಆಯ್ತು" ಎಂದರು. "ಇದಕ್ಕೂ ವಯಸ್ಸಾಗಿದೆ, ನನ್ನ ಹಾಗೇ."

ಹೆಂಡತಿ ಆ ಪರೀಕ್ಷೆಯ ಸೂಜಿಯನ್ನು ಹುಡುಕಿ ದಿಂಬಿಗೆ ಚುಚ್ಚಿದ ಮೇಲೆಯೇ ಅವರಿಗೆ ಚಹಾ ಕೊಟ್ಟಳು.

ಚಹಾ ಲೋಟ ಕೆಳಗಿಡುವ ಹೊತ್ತಿಗೆ ಎದುರುಮನೆಯ ರೇಡಿಯೋ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೀದಿಯ ಒಂದು ತುದಿಯಲ್ಲಿ ಯಾರಾದರೂ ಸೀನಿದರೆ ಇನ್ನೊಂದು ತುದಿಗೆ ಅದು ನೆಗಡಿಯಾಗಿ ತಲುಪುವುದು ಅವಳ ಮೂಲಕವೇ. ವಿಷಯ ಕೇಳಿಕೊಂಡು, ಅಯ್ಯೋ ಪಾಪ ಎಂದು, ಹತ್ತು ನಿಮಿಷ ಹೊರಗೆ ಹೋಗಿ ಬಂದಳು. ಅಷ್ಟರಲ್ಲೇ ಹೆಂಡತಿಯ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ನಾದಿನಿ.

"ಅತ್ತಿಗೆ, ಅಣ್ಣ ಸೂಜಿ ನುಂಗಿಬಿಟ್ನಂತೆ, ನಿಜಾನಾ?"

"ಇಲ್ಲಮ್ಮ. ಅವರಿನ್ನೂ ತಿಂಡೀನೇ ತಿಂದಿಲ್ಲ."

ಆ ಕಡೆಯಿಂದ ನೆಮ್ಮದಿಯ ನಿಟ್ಟುಸಿರು ಕೇಳಿಸಿತು. ಆಮೇಲೆ ಅವಳು ಕೌದಿಯ ವಿಚಾರ ಕೇಳಿದಳು. ನರ್ಸುಗಳಿಗೆಲ್ಲ ಹೇಳಿಟ್ಟಿದ್ದಾಳಂತೆ. ಸೋದರಮಾವ ಹೊಲಿಯುತ್ತಿದ್ದಾನೆ ಎಂದು ಕೂಸಿಗೆ ಬೇರೆ ಹಾಸಿಗೆ ಹೊದಿಕೆ ಏನನ್ನೂ ಕೊಂಡಿಲ್ಲವಂತೆ. ಮೀಟರಣ್ಣ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಸೂಜಿಯನ್ನು ನಿಜವಾಗಿ ನುಂಗಿದ್ದರೇ ವಾಸಿಯಿತ್ತು, ಎಲ್ಲಿದೆ ಎಂದಾದರೂ ಗೊತ್ತಿರುತ್ತಿತ್ತು.

ಇನ್ನು ಪಕ್ಕದ ಮನೆಯ ದರ್ಜಿಯನ್ನು ಕರೆಯದೆ ದಾರಿಯಿರಲಿಲ್ಲ. ನಲವತ್ತು ವರ್ಷ ಬಟ್ಟೆಯ ಜೊತೆ ಬಾಳಿದ ಮನುಷ್ಯ. ಬೆಳಿಗ್ಗೆ ತಾನೇ ಕೊನೆಯ ಸಾಲಿಗೆ ಸಾಲದೆ ಬಂದ ನೀಲಿ ದಾರವನ್ನು ಕೇಳುವ ಮೊದಲೇ ತಂದುಕೊಟ್ಟು ಹೋಗಿದ್ದ. ಕೌದಿಯನ್ನು ಕೈಗೆತ್ತಿಕೊಂಡು, ಹೊಲಿಗೆ ನೋಡಿ, ಪರವಾಗಿಲ್ಲ ಎಂಬಂತೆ ತಲೆದೂಗಿದ. ಅಷ್ಟು ಆತಂಕದಲ್ಲೂ ಮೀಟರಣ್ಣನಿಗೆ ಅದು ಹಿತವೆನಿಸಿತು. ಸೂಜಿ ಕಣ್ಣಿಗೆ ಸಿಗುವುದಿಲ್ಲ, ಕಿವಿಗೆ ಸಿಗುತ್ತದೆ ಎಂದು ದರ್ಜಿ ವಿವರಿಸಿದ. ಕೌದಿಯನ್ನು ಬೆರಳಗಲ ಮಡಿಸುತ್ತ ಹೋಗಬೇಕು. ಒಳಗೆ ಸೂಜಿ ಇದ್ದರೆ ಟಕ್ ಎನ್ನುತ್ತದೆ. ಆದರೆ ಯಾರೂ ಮಾತಾಡಬಾರದು.

ಎಲ್ಲರೂ ರೇಡಿಯೋ ಅಕ್ಕನ ಕಡೆ ನೋಡಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದರ್ಜಿ ಕಣ್ಣು ಮುಚ್ಚಿ, ಕಿವಿಯನ್ನು ಕೌದಿಗೆ ಆನಿಸಿ ಮಡಿಸತೊಡಗಿದ. ಮೊದಲ ಮಡಿಕೆ, ಎರಡನೆಯ ಮಡಿಕೆ. ಹೊರಗೆ ಸೈಕಲ್ಲೊಂದು ಹೋದದ್ದು ಲಾರಿಯಂತೆ ಕೇಳಿಸಿತು. ಏಳನೆಯ ಮಡಿಕೆಗೆ ಟಕ್ ಎಂದಿತು. ಮೀಟರಣ್ಣ ಎದ್ದು ನಿಂತ. ಮೇಷ್ಟ್ರು ಮಾತ್ರ ಸಂಕೋಚದಿಂದ ಕೈಯೆತ್ತಿದರು.

"ಕ್ಷಮಿಸಿ. ಅದು ನನ್ನ ಮಂಡಿ."

ತಡೆದಿಟ್ಟ ಮಾತೆಲ್ಲ ಒಮ್ಮೆಗೇ ಅಕ್ಕನಿಂದ ನುಗ್ಗಿತು, ಕಿವಿಯ ಪ್ರಯೋಗ ಅಲ್ಲಿಗೆ ಮುಗಿಯಿತು. ಆದ ಅಪಚಾರಕ್ಕೆ ಪರಿಹಾರವೆಂಬಂತೆ ಮೇಷ್ಟ್ರು ಕೌದಿಯನ್ನು ನೆಲಕ್ಕೆ ಹಾಸಿ, ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲೇ ಅದರ ಮೇಲೆ ಮಲಗಿ ಈ ಅಂಚಿನಿಂದ ಆ ಅಂಚಿಗೆ ಉರುಳಿದರು. ಕೂಸಿನ ಕೌದಿ, ಅರ್ಧ ಉರುಳಿಗೇ ನೆಲ ಬರುತ್ತಿತ್ತು. ಎಪ್ಪತ್ತು ದಾಟಿದ ಜೀವ, ಯಾರದೋ ಕೂಸಿಗೆ ಚುಚ್ಚುವ ಮುನ್ನ ತನಗೆ ಚುಚ್ಚಲಿ ಎಂದು ಹೀಗೆ ಉರುಳುವುದನ್ನು ನೋಡಿ ಹೆಂಡತಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಚುಚ್ಚಿತೇ ಎಂದು ದರ್ಜಿ ಕೇಳಿದರೆ, ಇನ್ನೂ ಇಲ್ಲ ಎಂದು ಅವರು ತುಸು ನಿರಾಸೆಯಿಂದಲೇ ಹೇಳಿದರು.

ಗಂಟೆ ಹನ್ನೆರಡೂವರೆ ಆಯಿತು.

"ಬಿಚ್ಚೋಣ" ಎಂದಳು ಹೆಂಡತಿ.

ಮೀಟರಣ್ಣ ಕತ್ತರಿ ಕೈಗೆ ತೆಗೆದುಕೊಂಡ. ಮೊದಲ ಹೊಲಿಗೆಯ ಕೆಳಗೆ ಅದರ ತುದಿ ತೂರಿಸಿದ. ಕೈ ಮುಂದೆ ಹೋಗಲಿಲ್ಲ. ಹನ್ನೊಂದು ಭಾನುವಾರ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಹೆಂಡತಿ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ ಕತ್ತರಿ ತೆಗೆದುಕೊಂಡಳು.

"ಮೊದಲನೇದು ನಾನು ಕತ್ತರಿಸ್ತೀನಿ. ನೀವು ಆ ಕಡೆ ನೋಡಿ."

ಅವನು ಆ ಕಡೆ ನೋಡಿದ. ಚಿಕ್ ಎಂಬ ಸದ್ದು ಕೇಳಿಸಿತು. ಆಮೇಲಿನದು ಅಷ್ಟು ಕಷ್ಟವಾಗಲಿಲ್ಲ. ಐವರೂ ಸುತ್ತ ಕೂತು ನೀಲಿ ದಾರ ಬಿಚ್ಚಿದರು. ರೇಡಿಯೋ ಅಕ್ಕ ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಯಾರ ಮನೆಯಲ್ಲೋ ಸಾವಾದಂತೆ ತಲೆ ತಗ್ಗಿಸಿಕೊಂಡು ಬಿಚ್ಚಿದಳು. ಮೇಲ್ಬಟ್ಟೆ ಒಂದು ಕಡೆ, ಪಂಚೆ ಒಂದು ಕಡೆ ಆಯಿತು. ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ ನೋಡಿದರು. ಸೂಜಿ ಇರಲಿಲ್ಲ.

ಮೇಷ್ಟ್ರು ಸೋಲೊಪ್ಪದೆ, ಎದ್ದುಹೋಗುವ ಮುನ್ನ ಕೊನೆಯ ಸಲ ಎಂದು ಅಯಸ್ಕಾಂತ ಹಿಡಿದು ಹತ್ತಿಯ ರಾಶಿಯ ಮೇಲೆ ಬಗ್ಗಿದರು. ಬಗ್ಗುವಾಗ ಅವರ ಕೈ ದರ್ಜಿಯ ಹೆಗಲನ್ನು ಸವರಿಕೊಂಡು ಹೋಯಿತು. ಬೆಳಗಿನಿಂದ ಏನನ್ನೂ ಎಳೆಯದ ಅಯಸ್ಕಾಂತ ಟಿಕ್ ಎಂದಿತು. ಅದರ ತುದಿಗೆ, ದರ್ಜಿಯ ಅಂಗಿಯ ಕಾಲರಿನಿಂದ ಹೊರಬಂದ ಒಂದು ಸೂಜಿ ನೇತಾಡುತ್ತಿತ್ತು. ಅದರ ಕಣ್ಣಿನಲ್ಲಿ ಇನ್ನೂ ಒಂದು ಗೇಣು ನೀಲಿ ದಾರವಿತ್ತು.

ದರ್ಜಿ ಅದನ್ನು ನೋಡಿದ. ಕಾಲರು ಮುಟ್ಟಿಕೊಂಡ. ಅವನ ಮುಖ ಹಿಂಡಿದ ಬಟ್ಟೆಯಂತಾಯಿತು.

"ಬೆಳಿಗ್ಗೆ ನೀನು ದಾರ ಇಸ್ಕೊಳ್ಳೋಕೆ ಎದ್ದು ಬಂದಾಗ ಹೊಸ್ತಿಲಲ್ಲಿ ಏನೋ ಹೊಳೀತು" ಎಂದ ನಿಧಾನವಾಗಿ. "ಬಗ್ಗಿದ್ದು ನೆನಪಿದೆ. ಎತ್ತಿದ್ದು ನೆನಪಿಲ್ಲ. ಬಿದ್ದಿರೋ ಸೂಜಿ ಕಂಡ್ರೆ ನನ್ನ ಕೈ ನನ್ನನ್ನ ಕೇಳೋದೇ ಇಲ್ಲ, ತಾನೇ ಎತ್ತಿ ಕಾಲರಿಗೆ ಚುಚ್ಚಿಬಿಡತ್ತೆ."

ಮೀಟರಣ್ಣನ ಬಾಯಿಗೆ ಹತ್ತು ಮಾತು ಬಂದವು. ದರ್ಜಿ ಕಾಲರನ್ನು ಮತ್ತೆ ಮತ್ತೆ ತಡವಿಕೊಳ್ಳುವುದನ್ನು ಕಂಡು ಹತ್ತನ್ನೂ ನುಂಗಿ, ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟ.

ನೀರು ಕುಡಿದು ದರ್ಜಿ ಮನೆಗೆ ಓಡಿದವನು ತನ್ನ ಸೂಜಿಯ ಡಬ್ಬಿ, ನೀಲಿ ದಾರದ ಎರಡು ಉಂಡೆ ಹಿಡಿದು ಬಂದ. ಐದು ಗಂಟೆಗೆ ಇನ್ನೂ ಮೂರು ಗಂಟೆಗೂ ಮಿಕ್ಕಿ ಹೊತ್ತಿದೆ. ಐದು ಜನ, ಹತ್ತು ಕೈ. ಆಗದೇ ಇರುವುದು ಯಾವುದು ಎಂದ. ಹತ್ತಿಯನ್ನು ಸಮನಾಗಿ ಹರಡಿ, ಮೂರು ಪದರವನ್ನೂ ಉದ್ದುದ್ದ ಕಚ್ಚಾ ಹೊಲಿಗೆಯಿಂದ ಹಿಡಿಸಿ, ಗಂಡ ಹೆಂಡತಿಗೆ ಸೇರಿ ಒಂದು ಬದಿ, ಉಳಿದವರಿಗೆ ಒಂದೊಂದು ಬದಿ ಹಂಚಿಕೊಟ್ಟ.

ಅಂಥ ಮಧ್ಯಾಹ್ನವನ್ನು ಆ ಮನೆ ಕಂಡಿರಲಿಲ್ಲ. ದರ್ಜಿಯ ಹೊಲಿಗೆ ಸಾಸಿವೆಯಷ್ಟು ಚಿಕ್ಕದು. ಮೇಷ್ಟ್ರದು ಅಳತೆಪಟ್ಟಿ ಇಟ್ಟು ಗುರುತು ಹಾಕಿ ಹಾಕಿ ಬಂದದ್ದು, ಒಂದೊಂದೂ ಕಾಲಿಂಚು. ಅಕ್ಕ ಯಾವ ಸುದ್ದಿ ಹೇಳುತ್ತಿದ್ದಳೋ ಅದರಂತೆ ಅವಳ ಸಾಲೂ ಮೇಲೇರಿ ಕೆಳಗಿಳಿಯುತ್ತಿತ್ತು. ಹೆಂಡತಿ ನಾಲ್ಕು ವರ್ಷ ಈ ಹುಚ್ಚನ್ನು ದೂರದಿಂದ ನೋಡಿ ನಕ್ಕವಳು. ಇವತ್ತು ಮೊದಲ ಸಲ ಗಂಡನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಹೊಲಿದಳು. ತನ್ನ ಕೆಲಸವೆಂದರೆ ಒಬ್ಬನೇ ಮೂಲೆಯಲ್ಲಿ ಕೂತು ಮಾಡುವುದು ಎಂದುಕೊಂಡಿದ್ದ ಮೀಟರಣ್ಣನಿಗೆ ಸುತ್ತಲಿನ ಗಲಗಲ ಕೇಳಿ ಎದೆ ತುಂಬಿ ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಏನನ್ನೂ ಎಣಿಸಲಿಲ್ಲ.

ನಾಲ್ಕೂ ಮುಕ್ಕಾಲಿಗೆ ನಾಲ್ಕು ಬದಿಯ ಸಾಲುಗಳೂ ನಡುವೆ ಬಂದು ಕೂಡಿದವು. ಮೀಟರಣ್ಣ ಕೊನೆಯ ಗಂಟು ಹಾಕಿ, ದಾರ ಕಡಿದು, ದಿಂಬು ನೋಡಿದ. ಐದಕ್ಕೆ ಐದೂ ಇದ್ದವು. ಮುಖವರಳಿಸಿ ದರ್ಜಿಯ ಕಡೆ ತಿರುಗಿದ.

"ನಿಮ್ಮ ಡಬ್ಬಿಯದು ಎಷ್ಟಿತ್ತು, ಯಜಮಾನ್ರೇ?"

"ಡಬ್ಬಿ ತುಂಬ ಇತ್ತು."

"ತುಂಬ ಅಂದ್ರೆ ಎಷ್ಟು?"

"ನಲವತ್ತು ವರ್ಷ ಕೈ ಹಾಕಿದಾಗೆಲ್ಲ ಸೂಜಿ ಸಿಕ್ಕಿದೆಯಪ್ಪ. ಎಣಿಸೋದು ಯಾಕೆ?"

ಮೀಟರಣ್ಣ ಒಬ್ಬೊಬ್ಬರನ್ನೇ ಕೇಳಿದ. ಅಕ್ಕ ದಾರ ಮುಗಿದಾಗಲೆಲ್ಲ ಹೊಸ ಸೂಜಿ ತೆಗೆದುಕೊಂಡಿದ್ದಳಂತೆ. ಮೂರಿರಬಹುದು, ನಾಲ್ಕೂ ಇರಬಹುದು. ಹಳೆಯದನ್ನು ಇಲ್ಲೇ ಎಲ್ಲೋ ಚುಚ್ಚಿದ ನೆನಪು. ಇಲ್ಲೇ ಎಂದು ಅವಳು ತೋರಿಸಿದ್ದು ಕೌದಿಯನ್ನು. ಮೇಷ್ಟ್ರು ಒಂದು ಸೂಜಿ ತೆಗೆದುಕೊಂಡು ಎರಡು ವಾಪಸು ಕೊಟ್ಟದ್ದಾಗಿ ಆಣೆ ಮಾಡಿ ಹೇಳಿದರು. ಬೆಳಿಗ್ಗೆ ಒಂದು ಸೂಜಿ ಕಾಣೆಯಾಗಿತ್ತು. ಈಗ ಎಷ್ಟು ಕಾಣೆಯಾಗಿವೆ ಎಂಬ ಲೆಕ್ಕವೇ ಕಾಣೆಯಾಗಿತ್ತು.

ಬಾಗಿಲಲ್ಲಿ ಟ್ಯಾಕ್ಸಿಯ ಹಾರನ್ ಕೇಳಿಸಿತು.

ತಂಗಿ ಒಳಗೆ ಬಂದಳು, ಆಸ್ಪತ್ರೆಯ ತೆಳು ಟವೆಲಿನಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು. ನೆಲದ ಮೇಲೆ ಹಾಸಿದ ಕೌದಿಯನ್ನೂ ಅದರ ಸುತ್ತ ಅಪರಾಧಿಗಳಂತೆ ಕೂತ ಐವರನ್ನೂ ನೋಡಿದಳು. ಮೀಟರಣ್ಣ ಏನನ್ನೂ ಮುಚ್ಚಿಡಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹೇಳಿ, ಮೇಷ್ಟ್ರ ಮಂಡಿಯನ್ನೂ ಬಿಡದೆ ಹೇಳಿ, ಇದನ್ನು ಮಗುವಿಗೆ ಕೊಡಲಾರೆ ಎಂದು ತಲೆ ತಗ್ಗಿಸಿದ.

ತಂಗಿ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

"ನಗಿಸಬೇಡ ಅಣ್ಣಾ, ನನಗೂ ಹೊಲಿಗೆ ಹಾಕಿದ್ದಾರೆ" ಎಂದಳು ಕಣ್ಣೊರೆಸಿಕೊಳ್ಳುತ್ತ. "ಅಲ್ಲಿ ಸೂಜಿ ಎಣಿಸಿ ಆಮೇಲೆ ಹೊಲೀತಾರೆ."

ಆಮೇಲೆ ಕೂಸನ್ನು ಮಲಗಿಸಲು ಸುತ್ತ ನೋಡಿದಳು. ಕೌದಿ ಬಿಟ್ಟು ಬೇರೇನೂ ಇರಲಿಲ್ಲ. ಬೇರೇನೂ ಕೊಂಡಿಲ್ಲವೆಂದು ಅವಳೇ ಹೇಳಿದ್ದಳಲ್ಲ. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಎರಡೂ ತೋಳು ಜೋಡಿಸಿ, ಕೂಸನ್ನು ಅದರಲ್ಲಿಟ್ಟಳು. ಅಲ್ಲಾಡಿದರೆ ಎದ್ದುಬಿಡುತ್ತದೆ, ಮಾತಾಡಿದರೂ ಎದ್ದುಬಿಡುತ್ತದೆ ಎಂದು ತಾಕೀತು ಮಾಡಿ, ಅತ್ತಿಗೆಯ ಕೈ ಹಿಡಿದು ಕೈಕಾಲು ತೊಳೆಯಲು ಹೋದಳು. ಕೂಸು ಒಮ್ಮೆ ಬಾಯಿ ಚಪ್ಪರಿಸಿ, ಸೋದರಮಾವನ ಅಂಗಿಗೆ ಮೂಗು ಒತ್ತಿ ನಿದ್ದೆ ಹೋಯಿತು. ಬೆಚ್ಚಗಿದ್ದ ಆ ಪುಟ್ಟ ಭಾರಕ್ಕೆ ಮೀಟರಣ್ಣನ ತೋಳು ಜೋಮು ಹಿಡಿಯಿತು. ಅವನು ಉಸಿರನ್ನೂ ಸಣ್ಣದಾಗಿ ಬಿಟ್ಟ.

ಅವನ ಸುತ್ತ ಪಿಸುಮಾತಿನ ಸಭೆ ನಡೆಯಿತು. ಬರುವ ಭಾನುವಾರ ಬೆಳಿಗ್ಗೆಯೇ ಕೂತು ಇದನ್ನು ಬಿಚ್ಚಬೇಕು, ಸಂಜೆಯೊಳಗೆ ಮತ್ತೆ ಹೊಲಿಯಬೇಕು ಎಂದು ದರ್ಜಿ ಹೇಳಿದ. ತಮ್ಮ ಮನೆಯಲ್ಲೂ ಹಳೆಯ ಹೊದಿಕೆಗಳಿವೆ, ಆಮೇಲಿನ ಭಾನುವಾರಗಳಿಗೆ ಆಗುತ್ತವೆ ಎಂದರು ಮೇಷ್ಟ್ರು. ಕೈ ಹೆಚ್ಚಿದಷ್ಟೂ ಕೆಲಸ ಬೇಗ, ಕೊನೆಯ ಮನೆಯವರು, ಮೂಲೆಯ ಮನೆಯ ಮೂವರು, ಹಿಂದಿನ ಬೀದಿಯ ಅಕ್ಕತಂಗಿಯರು ಎಲ್ಲರಿಗೂ ಹೇಳುತ್ತೇನೆ, ಹತ್ತು ಹನ್ನೆರಡು ಜನವಾದರೂ ಆಗುತ್ತಾರೆ, ಎಲ್ಲರೂ ತಮ್ಮ ತಮ್ಮ ಸೂಜಿ ತಾವೇ ತರುತ್ತಾರೆ ಎಂದಳು ರೇಡಿಯೋ ಅಕ್ಕ.

ಮೀಟರಣ್ಣ ಕಣ್ಣಗಲಿಸಿದ. ಹುಬ್ಬು ಕುಣಿಸಿದ. ಬೇಡ ಎಂದು ತಲೆಯಾಡಿಸಲು ಹೋದರೆ ಕೂಸು ಮುಖ ಕಿವುಚಿತು. ತಲೆ ಅಲ್ಲಿಗೇ ನಿಂತಿತು.

"ಅಣ್ಣ ಬೇಡ ಅನ್ನಲಿಲ್ಲ, ನೋಡಿದ್ರಲ್ಲ" ಎಂದಳು ಅಕ್ಕ ಪಿಸುದನಿಯಲ್ಲಿ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಬೀದಿಗೆಲ್ಲ ಹೇಳಿ ಬರಲು ಹೊರಟಳು.